ಗಣಿ ಕಂಪನಿಯ ಕಿಸೆಯಲ್ಲಿದ್ದ ಪತ್ರಿಕೆಗಳು

1995ರ ನವೆಂಬರ್ ತಿಂಗಳಲ್ಲಿ ದಕ್ಷಿಣಕ್ಕೆ ವಲಸೆ ಹೊರಟಿದ್ದ ಹಿಮ ಹೆಬ್ಬಾತುಗಳ ಹಿಂಡೊಂದು ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ಗುಡ್ಡದ ಪಟ್ಟಣದ ಮೇಲೆ ಹಾದುಹೋಗುತ್ತಿತ್ತು. ಕೆಳಗೆ ವಿಶಾಲವಾದ ಜಲರಾಶಿ ಕಂಡಿತು. ದಣಿದ ಹಕ್ಕಿಗಳು ವಿಶ್ರಾಂತಿಗೆಂದು ಇಳಿದವು. ಕೆಲವೇ ದಿನಗಳಲ್ಲಿ 342 ಹೆಬ್ಬಾತುಗಳ ಶವಗಳು ಆ ನೀರಿನಿಂದ ದೊರೆತವು. ಹಕ್ಕಿಗಳ ಕಣ್ಣಿಗೆ ಸರೋವರದಂತೆ ಕಂಡದ್ದು ಬರ್ಕ್ಲಿ ಪಿಟ್ ಎಂಬ ಹಳೆಯ ತಾಮ್ರದ ಗಣಿಗುಂಡಿ. ಅದರಲ್ಲಿ ತುಂಬಿದ್ದುದು ಆಮ್ಲ, ತಾಮ್ರ, ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಬೆರೆತ ನೀರು. 2016ರ ನವೆಂಬರಿನಲ್ಲಿ ಅದೇ ದುರಂತ ಮರುಕಳಿಸಿತು. ಆಗ ಸತ್ತ ಹಕ್ಕಿಗಳ ಸಂಖ್ಯೆ ಸಾವಿರಗಳಲ್ಲಿತ್ತು.

ಈ ಗುಂಡಿಯನ್ನು ಅಗೆಯಲು ಆರಂಭಿಸಿದ್ದು 1955ರಲ್ಲಿ. ಅಗೆತ ನಿಂತದ್ದು 1982ರಲ್ಲಿ. ಆ ವೇಳೆಗೆ ಅದರ ಆಳ ಸುಮಾರು 1,780 ಅಡಿ ತಲುಪಿತ್ತು. ಅದು ಜನವಸತಿಯಿಂದ ದೂರದ ಕಾಡಿನಲ್ಲಿ ಅಗೆದ ಗುಂಡಿಯಲ್ಲ. ಪಟ್ಟಣದ ಮಗ್ಗುಲಲ್ಲೇ ಆರಂಭವಾಗಿ, ಇಟಲಿಯಿಂದ ಬಂದ ಕಾರ್ಮಿಕರು ನೆಲೆಸಿದ್ದ ಮೀಡರ್‌ವಿಲ್, ಅದರ ನೆರೆಯ ಮೆಕ್ವೀನ್ ಮುಂತಾದ ಕೇರಿಗಳನ್ನು ಒಂದೊಂದಾಗಿ ನುಂಗುತ್ತಾ ಬೆಳೆದ ಗುಂಡಿ ಅದು. ಮನೆ, ಚರ್ಚು, ಶಾಲೆ, ಊಟದ ಮನೆಗಳೆಲ್ಲ ಅದಿರಿನ ಲಾರಿಗಳಿಗೆ ದಾರಿ ಬಿಟ್ಟುಕೊಟ್ಟವು. 1982ರ ಏಪ್ರಿಲ್ 22ರಂದು, ಅಂದರೆ ಭೂದಿನದಂದೇ, ಸುರಂಗಗಳಿಂದ ನೀರೆತ್ತುತ್ತಿದ್ದ ಪಂಪುಗಳನ್ನು ನಿಲ್ಲಿಸಲಾಯಿತು. ಗುಂಡಿ ತುಂಬತೊಡಗಿತು.

ಒಂದು ಪಟ್ಟಣ ತನ್ನ ಒಡಲನ್ನೇ ಅಗೆಯಲು ಹೀಗೆ ಬಿಟ್ಟುಕೊಟ್ಟದ್ದಾದರೂ ಏಕೆ? ತಾಮ್ರದ ಬೇಡಿಕೆ, ಉದ್ಯೋಗದ ಆಸೆ, ಕಂಪನಿಯ ದುರಾಸೆ ಎಂಬ ಉತ್ತರಗಳು ಸಿದ್ಧವಾಗಿವೆ. ಅವು ಸುಳ್ಳಲ್ಲ. ಆದರೆ ಪರಿಸರ ಹೋರಾಟಗಳ ಚರಿತ್ರೆಯಲ್ಲಿ ಅಪರೂಪಕ್ಕೆ ಚರ್ಚೆಯಾಗುವ ಇನ್ನೊಂದು ಕಾರಣವೂ ಇದೆ. 1955ರಲ್ಲಿ ಆ ಗುಂಡಿಗೆ ಮೊದಲ ಹಾರೆ ಬಿದ್ದಾಗ ಬ್ಯೂಟ್ ಪಟ್ಟಣದ ಎರಡೂ ಪ್ರಮುಖ ದಿನಪತ್ರಿಕೆಗಳ ಒಡೆತನ ಆ ಗಣಿಯನ್ನು ನಡೆಸುತ್ತಿದ್ದ ಅನಕೊಂಡ ತಾಮ್ರ ಕಂಪನಿಯದೇ ಆಗಿತ್ತು. ಅಗೆಯುವವನೂ ಅಗೆತದ ಸುದ್ದಿ ಬರೆಯುವವನೂ ಒಬ್ಬನೇ ಆದಾಗ ಊರಿನ ಗತಿ ಏನಾಗುತ್ತದೆ ಎಂಬುದಕ್ಕೆ ಬ್ಯೂಟ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಗಡಿನಾಡಿನ ಊರಿಗೆ ಅಚ್ಚುಯಂತ್ರ ಬಂದಾಗ

ಬ್ಯೂಟ್ ಹುಟ್ಟಿದ್ದು ಅಮೆರಿಕದ ಪಶ್ಚಿಮದ ಗಡಿನಾಡಿನಲ್ಲಿ, ಚಿನ್ನ ತೊಳೆಯುವವರ ಬಿಡಾರವಾಗಿ. 1864ರಲ್ಲಿ ಅಲ್ಲಿನ ತೊರೆಯಲ್ಲಿ ಚಿನ್ನದ ಕಣಗಳು ಕಂಡವು. ಅದು ಬರಿದಾದ ಮೇಲೆ 1870ರ ದಶಕದಲ್ಲಿ ಬೆಳ್ಳಿ, 1880ರ ದಶಕದಲ್ಲಿ ತಾಮ್ರ. 1881ರಲ್ಲಿ ರೈಲು ಬಂತು. ವಿದ್ಯುಚ್ಛಕ್ತಿಯ ಯುಗ ಆಗತಾನೇ ಆರಂಭವಾಗಿದ್ದರಿಂದ ತಾಮ್ರದ ತಂತಿಗೆ ಎಲ್ಲೆಡೆ ಬೇಡಿಕೆ ಹುಟ್ಟಿತ್ತು. ಐರ್ಲೆಂಡ್, ಕಾರ್ನ್‌ವಾಲ್, ಫಿನ್ಲೆಂಡ್, ಇಟಲಿ, ಸರ್ಬಿಯಾ, ಚೀನಾ ಮೊದಲಾದ ದೇಶಗಳ ಜನ ಆ ಗುಡ್ಡಕ್ಕೆ ಬಂದು ನೆಲೆಸಿದರು. 1878ರಷ್ಟು ಹಿಂದೆಯೇ ಅಲ್ಲಿ ಗಣಿ ಕಾರ್ಮಿಕರ ಸಂಘ ತಲೆಯೆತ್ತಿತ್ತು.

ಅದಕ್ಕೂ ಮುನ್ನವೇ, 1876ರಲ್ಲಿ, ‘ಬ್ಯೂಟ್ ಮೈನರ್’ ಪತ್ರಿಕೆ ಆರಂಭವಾಗಿತ್ತು. ಗಡಿನಾಡಿನ ಊರುಗಳಲ್ಲಿ ಪತ್ರಿಕೆಯೆಂದರೆ ಬರೀ ಸುದ್ದಿಯ ಹಾಳೆಯಾಗಿರಲಿಲ್ಲ. ಇಂದು ಬಿಡಾರ, ನಾಳೆ ಪಾಳು ಎಂಬಂತಿದ್ದ ನೆಲೆಗೆ ತಾನೊಂದು ಊರು ಎಂಬ ಭರವಸೆ ನೀಡುತ್ತಿದ್ದುದೇ ಪತ್ರಿಕೆ. ಅದಿರಿನ ಬೆಲೆ, ರೈಲಿನ ವೇಳೆ, ನಾಟಕಶಾಲೆಯ ಪ್ರದರ್ಶನ, ಮದ್ಯದಂಗಡಿಯ ಹೊಡೆದಾಟ, ಜೂನ್ 13ರ ಕಾರ್ಮಿಕ ಸಂಘದ ಮೆರವಣಿಗೆ, ಸುರಂಗದಲ್ಲಿ ಸತ್ತವನ ಹೆಸರು, ಇವೆಲ್ಲವೂ ಅದರ ಪುಟಗಳಲ್ಲಿ ಸ್ಥಾನ ಪಡೆಯುತ್ತಿದ್ದವು. ದೂರದ ಬಂಡವಾಳಗಾರರನ್ನು ಊರಿಗೆ ಸೆಳೆಯುವ ಕೆಲಸವನ್ನೂ ಪತ್ರಿಕೆಯೇ ಮಾಡುತ್ತಿತ್ತು. ಊರಿನ ಏಳಿಗೆ ಮತ್ತು ಗಣಿಯ ಏಳಿಗೆ ಒಂದೇ ಎಂಬ ನಂಬಿಕೆ ಮೊದಲ ದಿನದಿಂದಲೇ ಅಚ್ಚಾಗತೊಡಗಿತ್ತು.

ಇಬ್ಬರು ಧಣಿಗಳ ಕಾಳಗ

ಬ್ಯೂಟ್‌ನ ರಾಜಕಾರಣವೆಂದರೆ ಬಹುಕಾಲ ಇಬ್ಬರು ಗಣಿಧಣಿಗಳ ವೈರದ ಕಥೆ. ಒಬ್ಬ ವಿಲಿಯಂ ಆಂಡ್ರ್ಯೂಸ್ ಕ್ಲಾರ್ಕ್, ಇನ್ನೊಬ್ಬ ಮಾರ್ಕಸ್ ಡೇಲಿ. ‘ಬ್ಯೂಟ್ ಮೈನರ್’ ಕ್ಲಾರ್ಕನ ಕೈಸೇರಿತು. ಡೇಲಿ ಸುಮ್ಮನಿರಲಿಲ್ಲ. ಬ್ಯೂಟ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ತನ್ನ ಅದಿರು ಕರಗಿಸುವ ಕುಲುಮೆಗಳಿಗಾಗಿ ತಾನೇ ಕಟ್ಟಿದ ಅನಕೊಂಡ ಪಟ್ಟಣದಲ್ಲಿ 1889ರಲ್ಲಿ ‘ಅನಕೊಂಡ ಸ್ಟ್ಯಾಂಡರ್ಡ್’ ಪತ್ರಿಕೆಯನ್ನು ಆರಂಭಿಸಿದ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಸಂಪಾದಕನಾಗಿದ್ದ ಜಾನ್ ಡರ್ಸ್ಟನ್ ಎಂಬ ವಿದ್ವಾಂಸನನ್ನು ಕರೆತಂದು ಕೂರಿಸಿದ. ಅಷ್ಟು ಚಿಕ್ಕ ಊರಿನಿಂದ ಅಷ್ಟು ಅಚ್ಚುಕಟ್ಟಾದ ಪತ್ರಿಕೆ ಹೊರಬರುತ್ತಿದ್ದುದು ಎಲ್ಲರ ಬೆರಗಿಗೆ ಕಾರಣವಾಗಿತ್ತು.

1894ರಲ್ಲಿ ರಾಜ್ಯದ ರಾಜಧಾನಿ ಯಾವುದಾಗಬೇಕೆಂಬ ಮತದಾನ ನಡೆಯಿತು. ಡೇಲಿಗೆ ಅನಕೊಂಡ ಆಗಬೇಕು, ಕ್ಲಾರ್ಕನಿಗೆ ಹೆಲೆನಾ ಆಗಬೇಕು. ಎರಡೂ ಕಡೆಯ ಪತ್ರಿಕೆಗಳು ಪರಸ್ಪರರ ಮೇಲೆ ಕೆಸರೆರಚಿದವು. ಸುಮಾರು 2,000 ಮತಗಳ ಅಂತರದಿಂದ ಹೆಲೆನಾ ಗೆದ್ದಿತು. ಇದಕ್ಕಿಂತ ದೊಡ್ಡ ಹಗರಣ 1899ರದು. ಆ ಕಾಲದಲ್ಲಿ ಅಮೆರಿಕದ ಸೆನೆಟರುಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ರಾಜ್ಯ ಶಾಸನಸಭೆ ಆರಿಸುತ್ತಿತ್ತು. ಸೆನೆಟರ್ ಆಗಲು ಹೊರಟ ಕ್ಲಾರ್ಕನ ಪರವಾಗಿ ಶಾಸಕರಿಗೆ ಹಣ ಹಂಚಲಾಗುತ್ತಿದೆ ಎಂದು ಫ್ರೆಡ್ ವೈಟ್‌ಸೈಡ್ ಎಂಬ ಶಾಸಕ 30,000 ಡಾಲರುಗಳ ನೋಟಿನ ಕಟ್ಟುಗಳನ್ನು ಸಾಕ್ಷಿಯಾಗಿ ಮುಂದಿಟ್ಟ. ಡೇಲಿಯ ಪತ್ರಿಕೆಗೆ ಅದು ಹಬ್ಬವಾಯಿತು. ಕ್ಲಾರ್ಕನ ಪತ್ರಿಕೆಗೆ ಅದೊಂದು ಪಿತೂರಿಯಾಗಿ ಕಂಡಿತು. ಹಾಗಿದ್ದೂ ಕ್ಲಾರ್ಕ್ ಆಯ್ಕೆಯಾದ. ಸೆನೆಟ್ ಸಮಿತಿ ವಿಚಾರಣೆ ನಡೆಸಿ ಅವನ ಆಯ್ಕೆ ಅಸಿಂಧುವೆಂದು ಶಿಫಾರಸು ಮಾಡಲು, 1900ರಲ್ಲಿ ರಾಜೀನಾಮೆ ನೀಡಿದ. ಮರುವರ್ಷ ಮತ್ತೆ ಆಯ್ಕೆಯಾಗಿ 1907ರವರೆಗೆ ಸೆನೆಟಿನಲ್ಲಿ ಕುಳಿತ. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕೆಂಬ 1913ರ ಸಂವಿಧಾನ ತಿದ್ದುಪಡಿಯ ಹಿಂದೆ ಇಂಥ ಹಗರಣಗಳ ನೆನಪೂ ಇತ್ತು.

ಇಲ್ಲೊಂದು ವಿಚಿತ್ರವಿದೆ. ಧಣಿಗಳ ಪತ್ರಿಕೆಗಳು ಪಕ್ಷಪಾತಿಗಳಾಗಿದ್ದವು, ಬೈಗುಳದಲ್ಲಿ ಪಳಗಿದ್ದವು. ಆದರೂ ಎರಡನ್ನೂ ಕೊಂಡು ಓದಿದ ಕಾರ್ಮಿಕನಿಗೆ ಸತ್ಯದ ಅರ್ಧರ್ಧ ತುಣುಕುಗಳು ಎರಡು ಕಡೆಯಿಂದ ದೊರೆಯುತ್ತಿದ್ದವು. ಒಬ್ಬ ಧಣಿ ಮುಚ್ಚಿಟ್ಟದ್ದನ್ನು ಇನ್ನೊಬ್ಬ ಧಣಿಯ ಪತ್ರಿಕೆ ಬಿಚ್ಚಿಡುತ್ತಿತ್ತು. ಕಳ್ಳರಿಬ್ಬರು ಜಗಳವಾಡಿದರೆ ಕದ್ದ ಮಾಲು ಬೀದಿಗೆ ಬೀಳುತ್ತದೆ ಎಂಬುದು ಬ್ಯೂಟ್‌ನಲ್ಲಿ ಅಕ್ಷರಶಃ ನಿಜವಾಗಿತ್ತು.

ಹೊಗೆಗೆ ಪತ್ರಿಕೆಯಿಲ್ಲ

ಆದರೆ ಈ ಜಗಳಕ್ಕೂ ಒಂದು ಮಿತಿಯಿತ್ತು. ಒಬ್ಬ ಧಣಿ ಇನ್ನೊಬ್ಬನಿಗೆ ಮಾಡಿದ ಅನ್ಯಾಯ ಸುದ್ದಿಯಾಗುತ್ತಿತ್ತು. ಇಬ್ಬರೂ ಸೇರಿ ಗಾಳಿಗೆ, ನೀರಿಗೆ, ನೆಲಕ್ಕೆ ಮಾಡಿದ ಅನ್ಯಾಯವನ್ನು ಎತ್ತಿ ಹಿಡಿಯುವುದರಿಂದ ಯಾವ ಧಣಿಗೂ ಲಾಭವಿರಲಿಲ್ಲ.

ಬ್ಯೂಟ್‌ನಲ್ಲಿ ಅದಿರಿನೊಳಗಿನ ಗಂಧಕವನ್ನು ತೆಗೆಯಲು ಅನುಸರಿಸುತ್ತಿದ್ದ ಕ್ರಮ ಸರಳವೂ ಭೀಕರವೂ ಆಗಿತ್ತು. ಬಯಲಿನಲ್ಲಿ ಮರದ ದಿಮ್ಮಿಗಳನ್ನು ಹಾಸಿ, ಮೇಲೆ ಅದಿರಿನ ರಾಶಿ ಸುರಿದು, ಬೆಂಕಿಯಿಟ್ಟು ದಿನಗಟ್ಟಲೆ ಉರಿಯಲು ಬಿಡುತ್ತಿದ್ದರು. ದಿಮ್ಮಿಗಾಗಿ ಸುತ್ತಣ ಕಾಡು ಬರಿದಾಯಿತು. ಉಳಿದ ಹಸಿರನ್ನು ಗಂಧಕ ಮತ್ತು ಆರ್ಸೆನಿಕ್ ತುಂಬಿದ ಹೊಗೆ ಸುಟ್ಟಿತು. ಚಳಿಗಾಲದಲ್ಲಿ ಗಾಳಿ ನಿಂತಾಗ ಹಗಲಿನಲ್ಲೇ ಬೀದಿದೀಪ ಉರಿಸಬೇಕಾಗುತ್ತಿತ್ತು. ಶ್ವಾಸಕೋಶದ ಕಾಯಿಲೆಗಳಿಂದ ಜನ ಸಾಯತೊಡಗಿದರು. 1889ರಲ್ಲಿ ರಾಜ್ಯದ ಸಂವಿಧಾನ ರಚನಾ ಸಭೆಯಲ್ಲಿ ಇದೇ ಕ್ಲಾರ್ಕ್, ಹೊಗೆಯಲ್ಲಿರುವ ಆರ್ಸೆನಿಕ್ ಊರಿನ ಹೆಂಗಸರ ಮೈಬಣ್ಣಕ್ಕೆ ಕಾಂತಿ ತರುತ್ತದೆ ಎಂಬರ್ಥದ ಮಾತುಗಳನ್ನಾಡಿದ್ದ. ಅವನೊಬ್ಬ ಪತ್ರಿಕೆಯ ಒಡೆಯನೂ ಆಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಕಡೆಗೆ ಪಟ್ಟಣದ ಜನ ನ್ಯಾಯಾಲಯದ ಮೊರೆಹೊಕ್ಕು 1891ರ ಚಳಿಗಾಲದಲ್ಲಿ ಬಯಲಿನ ಸುಡುವಿಕೆಗೆ ತಡೆಯಾಜ್ಞೆ ಪಡೆದರು.

ಹೊಗೆ ನಿಲ್ಲಲಿಲ್ಲ, ಜಾಗ ಬದಲಿಸಿತು. 1902ರಲ್ಲಿ ಅನಕೊಂಡ ಪಟ್ಟಣದ ಬಳಿ ವಾಶೋ ಎಂಬ ಬೃಹತ್ ಕುಲುಮೆ ಕೆಲಸ ಆರಂಭಿಸಿತು. ಕೆಲವೇ ತಿಂಗಳುಗಳಲ್ಲಿ ಪಕ್ಕದ ಡೀರ್ ಲಾಡ್ಜ್ ಕಣಿವೆಯ ರೈತರ ದನ, ಕುದುರೆ, ಕುರಿಗಳು ಸಾಯತೊಡಗಿದವು. ಹುಲ್ಲಿನ ಮೇಲೆ ಆರ್ಸೆನಿಕ್ ಕೂತಿತ್ತು. ಕಂಪನಿ ಮೊದಲು ಪರಿಹಾರ ನೀಡಿತು, ಎತ್ತರದ ಚಿಮಣಿ ಕಟ್ಟಿತು. ಜಾನುವಾರು ಸಾಯುವುದು ನಿಲ್ಲಲಿಲ್ಲ. 1905ರಲ್ಲಿ ರೈತರು ಒಟ್ಟಾಗಿ ಮೊಕದ್ದಮೆ ಹೂಡಿದರು. ಸಾವಿರಾರು ಪುಟಗಳ ಸಾಕ್ಷ್ಯ ದಾಖಲಾಯಿತು. 1909ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು. ಕುಲುಮೆ ಮುಚ್ಚಿದರೆ ಸಹಸ್ರಾರು ಕುಟುಂಬಗಳ ಅನ್ನ ಹೋಗುತ್ತದೆ ಎಂಬ ವಾದ ಗೆದ್ದಿತು. ಈ ಅವಧಿಯಲ್ಲೆಲ್ಲ ರೈತರ ಎದುರಿಗಿದ್ದ ಪ್ರಬಲ ದಿನಪತ್ರಿಕೆ ಕುಲುಮೆಯ ಒಡೆಯರದೇ ಆಗಿತ್ತು. ಕಾರ್ಮಿಕನ ಅನ್ನ ಮತ್ತು ರೈತನ ಹಸು ಪರಸ್ಪರ ವೈರಿಗಳು ಎಂಬ ಚಿತ್ರ ಜನಮನದಲ್ಲಿ ಹೀಗೆ ಗಟ್ಟಿಗೊಂಡಿತು. ಇಬ್ಬರ ಶ್ವಾಸಕೋಶಕ್ಕೂ ಹೋಗುತ್ತಿದ್ದ ಹೊಗೆ ಒಂದೇ ಎಂದು ಹೇಳುವ ಪತ್ರಿಕೆಗೆ ಬಂಡವಾಳ ಹಾಕುವವರು ಇರಲಿಲ್ಲ.

ನೀರಿನ ಕಥೆ ಇನ್ನೂ ನಿಧಾನದ್ದು. 1908ರ ಜೂನ್ ತಿಂಗಳ ಮಹಾಪ್ರವಾಹ ಬ್ಯೂಟ್ ಮತ್ತು ಅನಕೊಂಡಗಳ ಗಣಿತ್ಯಾಜ್ಯವನ್ನು ಕ್ಲಾರ್ಕ್ ಫೋರ್ಕ್ ನದಿಗುಂಟ ಸುಮಾರು 190 ಕಿಲೋಮೀಟರ್ ಕೊಚ್ಚಿಕೊಂಡು ಹೋಯಿತು. ಆಗತಾನೇ ಕಟ್ಟಿ ಮುಗಿಸಿದ್ದ ಮಿಲ್‌ಟೌನ್ ಅಣೆಕಟ್ಟೆಯ ಹಿಂದೆ ವಿಷದ ಹೂಳು ತುಂಬಿತು. ಅಲ್ಲಿನ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇದೆಯೆಂದು ಜನರಿಗೆ ತಿಳಿದದ್ದು 1981ರಲ್ಲಿ. ನಡುವೆ ಕಳೆದದ್ದು 73 ವರ್ಷ.

ಜಗಳ ಮುಗಿದ ಮೇಲೆ

ಬ್ಯೂಟ್‌ನಲ್ಲಿ ಮೂರನೆಯ ಧಣಿಯೊಬ್ಬನೂ ಇದ್ದ. ಅವನ ಹೆಸರು ಆಗಸ್ಟಸ್ ಹೈನ್ಜೆ. ಅದಿರಿನ ಪದರ ಯಾರ ಭೂಮಿಯಲ್ಲಿ ಮೇಲ್ಮೈಗೆ ತಾಗುತ್ತದೆಯೋ ಅವನು ಅದನ್ನು ಪಕ್ಕದವನ ನೆಲದ ಅಡಿಗೂ ಹಿಂಬಾಲಿಸಬಹುದು ಎಂಬ ಅಂದಿನ ಗಣಿ ಕಾನೂನನ್ನು ಅವನು ಅಸ್ತ್ರವಾಗಿಸಿಕೊಂಡ. ಸ್ನೇಹಪರ ನ್ಯಾಯಾಧೀಶರ ನೆರವಿನಿಂದ ದೊಡ್ಡ ಕಂಪನಿಯನ್ನು ಸತಾಯಿಸಿದ. ‘ರೆವೆಲಿ’ ಎಂಬ ಪತ್ರಿಕೆಯನ್ನೂ ನಡೆಸಿದ. ಅಷ್ಟರಲ್ಲಿ ಡೇಲಿಯ ಕಂಪನಿ ಸ್ಟ್ಯಾಂಡರ್ಡ್ ಆಯಿಲ್ ಬಳಗದ ಬಂಡವಾಳಗಾರರ ಕೈಸೇರಿತ್ತು. 1903ರ ಅಕ್ಟೋಬರಿನಲ್ಲಿ ತೀರ್ಪೊಂದು ತನಗೆ ವಿರುದ್ಧವಾಗಿ ಬಂದಾಗ ಆ ಕಂಪನಿ ರಾಜ್ಯದಾದ್ಯಂತ ತನ್ನ ಗಣಿ, ಕುಲುಮೆ, ಕಾಡುಕೆಲಸಗಳನ್ನೆಲ್ಲ ಒಮ್ಮೆಲೇ ಮುಚ್ಚಿತು. ಚಳಿಗಾಲದ ಬಾಗಿಲಲ್ಲಿ ಸಾವಿರಾರು ಮಂದಿ ಬೀದಿಗೆ ಬಿದ್ದರು. ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಹೈನ್ಜೆ ಮಾಡಿದ ಭಾಷಣ ಇಂದಿಗೂ ಪ್ರಸಿದ್ಧ. ಇಂದು ಕಂಪನಿ ಗೆದ್ದರೆ ನಾಳೆ ನಿಮ್ಮ ಕೂಲಿ, ನಿಮ್ಮ ಅಂಗಡಿ, ನಿಮ್ಮ ಬದುಕು ಎಲ್ಲವೂ ಅದರ ಕೈಯಲ್ಲಿ ಎಂಬುದೇ ಅದರ ಸಾರ. ರಾಜ್ಯಪಾಲ ವಿಶೇಷ ಅಧಿವೇಶನ ಕರೆದು ಕಂಪನಿ ಬಯಸಿದ ಶಾಸನವನ್ನು ಮಾಡಿಸಿಕೊಟ್ಟ. 1906ರಲ್ಲಿ ಹೈನ್ಜೆ ಒಂದು ಕೋಟಿಗೂ ಮೀರಿದ ಡಾಲರುಗಳಿಗೆ ತನ್ನ ಗಣಿಗಳನ್ನು ಅದೇ ಕಂಪನಿಗೆ ಮಾರಿ ಹೊರಟುಹೋದ. ಕ್ಲಾರ್ಕ್ 1925ರಲ್ಲಿ ತೀರಿಕೊಂಡ. 1928ರಲ್ಲಿ ಅವನ ವಾರಸುದಾರರ ಆಸ್ತಿಯೂ ಕಂಪನಿಯ ಪಾಲಾಯಿತು. ‘ಬ್ಯೂಟ್ ಮೈನರ್’ ಮತ್ತು ‘ಅನಕೊಂಡ ಸ್ಟ್ಯಾಂಡರ್ಡ್’ ಎಂಬ ಹಳೆಯ ವೈರಿಗಳು ‘ಮೊಂಟಾನಾ ಸ್ಟ್ಯಾಂಡರ್ಡ್’ ಎಂಬ ಒಂದೇ ಹೆಸರಿನಲ್ಲಿ ಕರಗಿದವು.

ಈ ಏಕಸ್ವಾಮ್ಯದ ಹಾದಿಯಲ್ಲಿ ಅತ್ಯಂತ ಕರಾಳವಾದದ್ದು 1917ನೆಯ ವರ್ಷ. ಜೂನ್ 8ರಂದು ಅನಕೊಂಡದ್ದಲ್ಲದ ಬೇರೊಂದು ಕಂಪನಿಯ ಗಣಿಯಲ್ಲಿ ಬೆಂಕಿ ಹೊತ್ತಿತು. ಬೆಂಕಿ ಆರಿಸುವ ವ್ಯವಸ್ಥೆಗೆಂದೇ ಇಳಿಸುತ್ತಿದ್ದ ವಿದ್ಯುತ್ ಕೇಬಲ್ಲಿಗೆ ದೀಪದ ಕಿಡಿ ತಗುಲಿದ್ದೇ ಕಾರಣ. 168 ಜನ ಸತ್ತರು. ರೊಚ್ಚಿಗೆದ್ದ ಕಾರ್ಮಿಕರು ಮುಷ್ಕರ ಹೂಡಿದರು. ಸಂಘಟಕನಾಗಿ ಬಂದ ಫ್ರಾಂಕ್ ಲಿಟಲ್ ಎಂಬಾತನನ್ನು ಆಗಸ್ಟ್ 1ರ ನಸುಕಿನಲ್ಲಿ ಮುಸುಕುಧಾರಿಗಳು ಎಳೆದೊಯ್ದು ರೈಲುಸೇತುವೆಗೆ ನೇಣುಹಾಕಿದರು. ಈ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಹೆಲೆನಾದ ಪತ್ರಿಕೆಯೊಂದು ಕೊಲೆಯನ್ನು ಖಂಡಿಸುವ ಬದಲು ಮೆಚ್ಚಿಕೊಂಡು ಬರೆಯಿತು. ಮರುವರ್ಷ ಮೊಂಟಾನಾ ಶಾಸನಸಭೆ ಸರ್ಕಾರದ ವಿರುದ್ಧ ಮಾತಾಡುವುದನ್ನೇ ಅಪರಾಧವಾಗಿಸುವ ದೇಶದ್ರೋಹ ಕಾಯಿದೆ ತಂದಿತು. ಆ ಕಾಯಿದೆಯಡಿ 79 ಜನ ಶಿಕ್ಷೆಗೊಳಗಾದರು. ಅವರಲ್ಲಿ ಹೆಚ್ಚಿನವರು ಮದ್ಯದಂಗಡಿಯಲ್ಲೋ ಬೀದಿಯಲ್ಲೋ ಬಾಯಿ ಜಾರಿ ಮಾತನಾಡಿದ ಸಾಮಾನ್ಯರು. ಅವರಿಗೆ ರಾಜ್ಯ ಮರಣೋತ್ತರವಾಗಿ ಕ್ಷಮಾದಾನ ನೀಡಿದ್ದು 2006ರಲ್ಲಿ.

ಮೌನವೆಂಬ ಸಂಪಾದಕೀಯ

ಮೊದಮೊದಲು ಕಂಪನಿಯ ಪತ್ರಿಕೆಗಳು ಎದುರಾಳಿಗಳನ್ನು ನೇರವಾಗಿ ಬೈಯುತ್ತಿದ್ದವು. 1920ರಲ್ಲಿ ರಾಜ್ಯಪಾಲನಾಗಿ ಚುನಾಯಿತನಾದ ಜೋಸೆಫ್ ಡಿಕ್ಸನ್, ಗಣಿಗಳು ನ್ಯಾಯವಾದ ತೆರಿಗೆ ಕೊಡಬೇಕೆಂದು ಪಟ್ಟು ಹಿಡಿದಾಗ ಅವನ ಮೇಲೆ ಎಡೆಬಿಡದೆ ದಾಳಿ ನಡೆಯಿತು. ಡಿಕ್ಸನ್ ಸ್ವತಃ ಒಂದು ಕಾಲಕ್ಕೆ ಮಿಸೂಲಾ ಪಟ್ಟಣದ ‘ಮಿಸೂಲಿಯನ್’ ಪತ್ರಿಕೆಯ ಒಡೆಯನಾಗಿದ್ದವನು. ಅವನು ಮಾರಿದ ಆ ಪತ್ರಿಕೆಯೂ ಕಂಪನಿಯ ತೆಕ್ಕೆ ಸೇರಿತ್ತು. 1924ರ ಚುನಾವಣೆಯಲ್ಲಿ ಡಿಕ್ಸನ್ ಸೋತ. ಆದರೆ ಅದೇ ಮತಪೆಟ್ಟಿಗೆಗಳಿಂದ ಗಣಿ ತೆರಿಗೆಯ ಪ್ರಸ್ತಾವ ಗೆದ್ದು ಹೊರಬಂತು. ಮನುಷ್ಯನನ್ನು ಸೋಲಿಸಲು ಪತ್ರಿಕೆಗಳಿಗೆ ಸಾಧ್ಯವಾಗಿತ್ತು, ವಿಚಾರವನ್ನು ಸೋಲಿಸಲು ಆಗಲಿಲ್ಲ.

ಬರಬರುತ್ತಾ ಬೈಗುಳ ನಿಂತಿತು. ಅದರ ಜಾಗದಲ್ಲಿ ಮೌನ ಬಂತು. ಇದು ಹೆಚ್ಚು ಅಪಾಯಕಾರಿ. ಬೈಯುವ ಪತ್ರಿಕೆಯಲ್ಲಿ ಬೈಸಿಕೊಂಡವನ ಹೆಸರಾದರೂ ಇರುತ್ತದೆ. ಓದುಗನಿಗೆ ‘ಏನೋ ನಡೆಯುತ್ತಿದೆ’ ಎಂಬ ಸುಳಿವಾದರೂ ಸಿಗುತ್ತದೆ. ಮೌನದ ಪತ್ರಿಕೆಯಲ್ಲಿ ಅದೂ ಇಲ್ಲ. ರಾಜ್ಯದ ರಾಜಕಾರಣ, ತೆರಿಗೆ, ಕಾರ್ಮಿಕರ ಶ್ವಾಸಕೋಶದಲ್ಲಿ ಕೂರುತ್ತಿದ್ದ ಕಲ್ಲಿನ ಧೂಳು, ನದಿಯ ಬಣ್ಣ ಇವುಗಳ ಬಗ್ಗೆ ಗಟ್ಟಿಯಾದ ಸಂಪಾದಕೀಯಗಳು ಅಪರೂಪವಾದವು. ದೂರದ ದೇಶಗಳ ಸಮಸ್ಯೆಗಳ ಕುರಿತು ಮಾತ್ರ ಧಾರಾಳವಾಗಿ ಬರೆಯುವ ಸಂಪಾದಕರನ್ನು ಗೇಲಿ ಮಾಡಲು ಅಮೆರಿಕದ ಪತ್ರಕರ್ತರು ಆ ಕಾಲದಲ್ಲಿ ‘ಅಫ್ಘಾನಿಸ್ತಾನವಾದ’ ಎಂಬ ಪದವನ್ನೇ ಟಂಕಿಸಿದ್ದರು. ಮನೆಯ ಮಾಡು ಸೋರುತ್ತಿರುವಾಗ ಪರದೇಶದ ಮಳೆಯ ಲೆಕ್ಕ ಬರೆಯುವ ಈ ರೋಗಕ್ಕೆ ಮೊಂಟಾನಾದ ಕಂಪನಿ ಪತ್ರಿಕೆಗಳು ಉತ್ತಮ ಉದಾಹರಣೆಯಾಗಿದ್ದವು.

ಪತ್ರಿಕೆಗಳು ತಮ್ಮ ಒಡೆಯರು ಯಾರೆಂದು ಪ್ರಕಟಿಸಬೇಕೆಂಬ ಕಾಯಿದೆ ಅಮೆರಿಕದಲ್ಲಿ 1912ರಲ್ಲೇ ಬಂದಿತ್ತು. ಆದರೂ ಅಂಗಸಂಸ್ಥೆಗಳ ಹೆಸರಿನ ಹಿಂದೆ ನಿಜವಾದ ಒಡೆಯ ಅಡಗಿಕೊಳ್ಳಬಹುದಿತ್ತು. ಜನರಿಗೆ ಗೊತ್ತಿರಲಿಲ್ಲವೆಂದಲ್ಲ. ಕಂಪನಿಗೆ ತಲೆಬಾಗಿದವರನ್ನು ‘ತಾಮ್ರದ ಕೊರಳಪಟ್ಟಿ ತೊಟ್ಟವರು’ ಎಂದು ಮೊಂಟಾನಾದ ಜನ ಕರೆಯುತ್ತಿದ್ದರು. ಗೊತ್ತಿದ್ದೂ ಬೇರೆ ಪತ್ರಿಕೆ ಇರಲಿಲ್ಲ. ಬ್ಯೂಟ್, ಹೆಲೆನಾ, ಮಿಸೂಲಾ, ಬಿಲ್ಲಿಂಗ್ಸ್, ಲಿವಿಂಗ್‌ಸ್ಟನ್ ಈ ಎಲ್ಲ ಊರುಗಳ ದಿನಪತ್ರಿಕೆಗಳೂ ಕಂಪನಿಯವೇ. ದೊಡ್ಡ ಪತ್ರಿಕೆಗಳ ಪೈಕಿ ಗ್ರೇಟ್ ಫಾಲ್ಸ್‌ನ ‘ಟ್ರಿಬ್ಯೂನ್’ ಮಾತ್ರ ಸ್ವತಂತ್ರವಾಗಿ ಉಳಿದಿತ್ತು.

ಬರ್ಕ್ಲಿ ಪಿಟ್ ಆರಂಭವಾದದ್ದು ಈ ಮೌನದ ನಡುವೆ. ಸುರಂಗ ಗಣಿಗಾರಿಕೆಯಿಂದ ತೆರೆದ ಗುಂಡಿಗೆ ಬದಲಾಗುವುದೆಂದರೆ ಕಡಿಮೆ ಕೂಲಿಯಾಳು, ಹೆಚ್ಚು ನೆಲ, ಹೆಚ್ಚು ತ್ಯಾಜ್ಯ. ಕೇರಿಗಳು ಹೋಗಬೇಕೇ, ಎಷ್ಟು ಹೋಗಬೇಕು, ಅಗೆದು ಮುಗಿದ ಮೇಲೆ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳನ್ನು ಊರಿನ ದಿನಪತ್ರಿಕೆ ಕೇಳಬೇಕಿತ್ತು. ಕೇಳಬೇಕಾದವನು ಉತ್ತರ ಹೇಳಬೇಕಾದವನ ಸಂಬಳದಲ್ಲಿದ್ದ.

ಕಂಪನಿ ಪತ್ರಿಕೆಗಳಲ್ಲಿ ದುಡಿದವರೆಲ್ಲ ಅಯೋಗ್ಯರೆಂದು ಇದರರ್ಥವಲ್ಲ. ಅವರಲ್ಲಿ ಸಮರ್ಥ ವರದಿಗಾರರಿದ್ದರು. ಊರಿನ ಮದುವೆ, ಮರಣ, ಆಟ, ಹಬ್ಬಗಳನ್ನು ಶ್ರದ್ಧೆಯಿಂದ ದಾಖಲಿಸಿದರು. ಇಂದು ಚರಿತ್ರಕಾರರು ಆಶ್ರಯಿಸುವುದು ಆ ಪುಟಗಳನ್ನೇ. ದೋಷ ವ್ಯಕ್ತಿಗಳದ್ದಕ್ಕಿಂತ ವ್ಯವಸ್ಥೆಯದ್ದು. ಯಾರೂ ಬಂದು ‘ಇದನ್ನು ಬರೆಯಬೇಡ’ ಎಂದು ಹೇಳಬೇಕಾಗಿಯೇ ಇರಲಿಲ್ಲ. ಯಾವುದನ್ನು ಬರೆಯಬಾರದೆಂದು ಎಲ್ಲರಿಗೂ ತಾನಾಗಿಯೇ ತಿಳಿದಿತ್ತು.

ಸಣ್ಣ ಹಾಳೆಗಳ ಸಾಕ್ಷಿ

ಹಾಗಾದರೆ ಸತ್ಯ ಎಲ್ಲಿಯೂ ಅಚ್ಚಾಗಲಿಲ್ಲವೇ? ಆಯಿತು, ಸಣ್ಣ ಹಾಳೆಗಳಲ್ಲಿ. 1918ರಲ್ಲಿ ಬ್ಯೂಟ್‌ನ ಕಾರ್ಮಿಕರು ತಮ್ಮದೇ ಹಣದಿಂದ ‘ಬ್ಯೂಟ್ ಡೈಲಿ ಬುಲೆಟಿನ್’ ಎಂಬ ದಿನಪತ್ರಿಕೆ ತಂದರು. ಅದರ ಸಂಪಾದಕ ವಿಲಿಯಂ ಡನ್ ದೇಶದ್ರೋಹದ ಆರೋಪಕ್ಕೆ ಗುರಿಯಾಗಿ ಶಿಕ್ಷೆಗೊಳಗಾದ. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಮಾಡಿತು. ಪತ್ರಿಕೆ 1920ರ ದಶಕದಲ್ಲಿ ನಿಂತುಹೋಯಿತು. 1939ರಲ್ಲಿ ರೈತ ಮತ್ತು ಕಾರ್ಮಿಕ ಸಂಘಟನೆಗಳ ಬೆಂಬಲದಿಂದ ಹೆಲೆನಾದಲ್ಲಿ ‘ಪೀಪಲ್ಸ್ ವಾಯ್ಸ್’ ಎಂಬ ಸಹಕಾರಿ ವಾರಪತ್ರಿಕೆ ಹುಟ್ಟಿತು. ಅದು ಮೂವತ್ತು ವರ್ಷ, 1969ರವರೆಗೆ, ಬದುಕಿತ್ತು. ದೊಡ್ಡ ಪತ್ರಿಕೆಗಳು ಮುಟ್ಟದ ಶಾಸನಸಭೆಯ ಸುದ್ದಿಗಳನ್ನು ಅದು ಪ್ರಕಟಿಸಿತು. ಡೀರ್ ಲಾಡ್ಜ್ ರೈತರು ಕಳೆದುಕೊಂಡದ್ದು ಏನೆಂಬುದನ್ನು ಇಲ್ಲಿ ಕಾಣಬಹುದು. ಅವರ ಕಾಲದಲ್ಲಿ ರೈತನನ್ನೂ ಕಾರ್ಮಿಕನನ್ನೂ ಒಂದೇ ಪುಟದಲ್ಲಿ ಕೂರಿಸುವ ಇಂಥದೊಂದು ಹಾಳೆ ಇದ್ದಿದ್ದರೆ ಹೊಗೆಯ ವಿರುದ್ಧದ ಹೋರಾಟ ಅಷ್ಟು ಒಂಟಿಯಾಗುತ್ತಿರಲಿಲ್ಲ.

ಇಂಥ ಹಾಳೆಗಳಿಗೆ ಪ್ರಸಾರ ಕಡಿಮೆ, ಜಾಹೀರಾತು ಇಲ್ಲ, ಸಾಲ ಮಾತ್ರ ಇರುತ್ತದೆ. ಅವು ಚುನಾವಣೆ ಗೆಲ್ಲಿಸುವುದಿಲ್ಲ. ಆದರೆ ಒಂದು ಊರು ತನ್ನ ಅನುಭವವನ್ನು ತನ್ನ ಮಾತಿನಲ್ಲಿ ನೆನಪಿಡುವಂತೆ ನೋಡಿಕೊಳ್ಳುತ್ತವೆ.

ಬಾಯಿ ಬಂದ ಮೇಲೆ

1959ರಲ್ಲಿ ಕಂಪನಿ ತನ್ನ ಪತ್ರಿಕೆಗಳನ್ನೆಲ್ಲ ಅಯೋವಾ ರಾಜ್ಯದ ಲೀ ಪತ್ರಿಕಾ ಸಮೂಹಕ್ಕೆ ಮಾರಿತು. 1972ರಲ್ಲಿ ಮೊಂಟಾನಾದ ಜನ ಹೊಸ ಸಂವಿಧಾನಕ್ಕೆ ಒಪ್ಪಿಗೆಯಿತ್ತರು. ಅದರ ಎರಡನೆಯ ವಿಧಿಯಲ್ಲಿ ಎರಡು ಹಕ್ಕುಗಳು ಸೇರಿವೆ. ಒಂದು, ಶುದ್ಧವೂ ಆರೋಗ್ಯಕರವೂ ಆದ ಪರಿಸರದ ಹಕ್ಕು. ಇನ್ನೊಂದು, ಸಾರ್ವಜನಿಕ ಕಾಗದಪತ್ರಗಳನ್ನು ನೋಡುವ, ಅಂದರೆ ತಿಳಿಯುವ ಹಕ್ಕು. ಪತ್ರಿಕೆಗಳ ಮಾರಾಟದಿಂದಲೇ ಸಂವಿಧಾನ ಬದಲಾಯಿತೆಂದು ಹೇಳಿದರೆ ಅತಿಯಾದೀತು. ಆದರೆ ಎರಡು ಹಕ್ಕುಗಳೂ ಒಂದೇ ವಿಧಿಯೊಳಗೆ ಕೂತಿರುವುದು ಅರ್ಥಪೂರ್ಣ. ತಿಳಿಯುವ ಹಕ್ಕಿಲ್ಲದೆ ಗಾಳಿಯ ಹಕ್ಕು ಉಳಿಯದು ಎಂಬುದನ್ನು ಆ ರಾಜ್ಯ ತನ್ನ ಶ್ವಾಸಕೋಶದಿಂದಲೇ ಕಲಿತಿತ್ತು. 2023ರಲ್ಲಿ ಅಲ್ಲಿನ 16 ಎಳೆಯರು ಇದೇ ಪರಿಸರದ ಹಕ್ಕನ್ನು ಆಧರಿಸಿ ರಾಜ್ಯ ಸರ್ಕಾರದ ವಿರುದ್ಧ ಹವಾಮಾನ ಬದಲಾವಣೆಯ ಮೊಕದ್ದಮೆ ಗೆದ್ದರು. 2024ರ ಡಿಸೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು.

ಆದರೆ ತಡವಾಗಿ ಬಂದ ಬಾಯಿಗೆ ತೆತ್ತ ಬೆಲೆ ದೊಡ್ಡದು. 1980ರಲ್ಲಿ ಅನಕೊಂಡದ ಕುಲುಮೆ ಮುಚ್ಚಿತು. 585 ಅಡಿ ಎತ್ತರದ ಅದರ ಚಿಮಣಿ ಇಂದಿಗೂ ನಿಂತಿದೆ. 1983ರಲ್ಲಿ ಈ ಪ್ರದೇಶ ಅಮೆರಿಕ ಸರ್ಕಾರದ ‘ಸೂಪರ್‌ಫಂಡ್’ ಪಟ್ಟಿಗೆ, ಅಂದರೆ ದೇಶದ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿತು. 2008ರಲ್ಲಿ ಮಿಲ್‌ಟೌನ್ ಅಣೆಕಟ್ಟೆಯನ್ನು ಒಡೆದು ವಿಷದ ಹೂಳನ್ನು ಎತ್ತಲಾಯಿತು. 2019ರಿಂದ ಬರ್ಕ್ಲಿ ಪಿಟ್‌ನ ನೀರನ್ನು ಎತ್ತಿ ಶುದ್ಧೀಕರಿಸಿ ಹೊರಬಿಡಲಾಗುತ್ತಿದೆ. ಈ ಕೆಲಸಕ್ಕೆ ಮುಕ್ತಾಯದ ದಿನಾಂಕವಿಲ್ಲ. ಗುಂಡಿ ಇರುವವರೆಗೂ ಪಂಪು ಓಡುತ್ತಲೇ ಇರಬೇಕು. 27 ವರ್ಷದ ಅಗೆತಕ್ಕೆ ಕೊನೆಯಿಲ್ಲದ ಕಾವಲು.

ಹೊಸ ಒಡೆತನವೂ ಸರ್ವರೋಗಕ್ಕೆ ಮದ್ದಲ್ಲ. ಊರಿನ ಗಣಿಧಣಿಯ ಜಾಗಕ್ಕೆ ದೂರದ ಪತ್ರಿಕಾ ಸಮೂಹ ಬಂದಿತೆಂದ ಮಾತ್ರಕ್ಕೆ ಪತ್ರಿಕೆ ಊರಿನದಾಗುವುದಿಲ್ಲ. ಒಡೆಯನ ಗಣಿ ಆ ಊರಿನಲ್ಲಿ ಇಲ್ಲದಿರುವುದು ಒಂದು ಅನುಕೂಲ. ಒಡೆಯನ ಮನಸ್ಸೂ ಆ ಊರಿನಲ್ಲಿ ಇಲ್ಲದಿರುವುದು ಇನ್ನೊಂದು ಬಗೆಯ ತೊಡಕು. ಲಾಭ ಕುಸಿದಾಗ ಮೊದಲು ಕತ್ತರಿ ಬೀಳುವುದು ವರದಿಗಾರನ ಹುದ್ದೆಗೆ. ನದಿಗುಂಟ ನಡೆದುಹೋಗಿ ನೀರಿನ ಬಣ್ಣ ನೋಡಿಬರುವ ವರದಿಗಾರ ಇಲ್ಲದಿದ್ದರೆ ಕಂಪನಿ ಕೊಟ್ಟ ಹೇಳಿಕೆಯೇ ಸುದ್ದಿಯಾಗುತ್ತದೆ. ಹಳೆಯ ಮೌನ ಹೊಸ ದಾರಿಯಿಂದ ಒಳಬರುತ್ತದೆ.

ಬೆಟ್ಟದಿಂದ ಅದಿರು ಇಳಿಯುವ, ನದಿಗೆ ಅಡ್ಡಗಟ್ಟೆ ಏಳುವ ಯಾವುದೇ ನಾಡಿನ ಜನರಿಗೆ ಬ್ಯೂಟ್ ಕಲಿಸುವ ಪಾಠ ಇದು. ಯೋಜನೆಯ ವರದಿಯನ್ನು ಓದುವಷ್ಟೇ ಎಚ್ಚರದಿಂದ ಪತ್ರಿಕೆಯನ್ನೂ ಓದಬೇಕು. ಇದರ ಒಡೆಯ ಯಾರು, ಅವನ ಬೇರೆ ವ್ಯವಹಾರಗಳೇನು ಎಂದು ಕೇಳಬೇಕು. ಯಾರ ನಷ್ಟ ಸುದ್ದಿಯಾಗಿದೆ, ಯಾರದು ಆಗಿಲ್ಲ ಎಂದು ಲೆಕ್ಕಹಾಕಬೇಕು. ಪತ್ರಿಕೆ ಸುಳ್ಳು ಹೇಳಿದಾಗ ಪ್ರತಿಭಟಿಸುವುದು ಸುಲಭ. ಅದು ಸುಮ್ಮನಿದ್ದಾಗ ಗಮನಿಸುವುದೇ ಕಷ್ಟ. ಮೀಡರ್‌ವಿಲ್‌ನ ಜನ ಪ್ರತಿದಿನ ಬೆಳಿಗ್ಗೆ ಪತ್ರಿಕೆ ಓದುತ್ತಲೇ ಇದ್ದರು. ಅದರಲ್ಲಿ ಜಗತ್ತಿನ ಸುದ್ದಿಯೆಲ್ಲ ಇರುತ್ತಿತ್ತು. ಅವರ ಮನೆಯಂಗಳದ ಕಡೆಗೆ ದಿನದಿನವೂ ಸರಿದುಬರುತ್ತಿದ್ದ ಗುಂಡಿಯ ಅಂಚಿನ ಬಗ್ಗೆ ಯಾವ ಪ್ರಶ್ನೆಯನ್ನೂ ಕೇಳಲು ಮಾತ್ರ ಆ ಪತ್ರಿಕೆಗೆ ಬಾಯಿರಲಿಲ್ಲ.